ತೂಕ ಇಳಿಸು ಅನ್ನುವ ಮುಂಚೆ ಈ ಜೀನ್ ಬಗ್ಗೆ ಸ್ವಲ್ಪ ಓದಿ

ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಅನ್ನುವ ಹಾರ್ಮೋನ್ ತೊಂದರೆ ಇದೆ ಅಂತ ಗೊತ್ತಾದ ಹೆಂಗಸಿಗೆ ಎಲ್ಲರಿಂದ ಸಿಗುವ ಮೊದಲ ಸಲಹೆ ಒಂದೇ. ತೂಕ ಇಳಿಸು, ಎಲ್ಲ ಸರಿಹೋಗುತ್ತೆ. ಹೇಳುವವರು ಡಾಕ್ಟರ್ ಇರಬಹುದು, ಚಿಕ್ಕಮ್ಮ ಇರಬಹುದು, ಜೊತೆಗೆ ಕೆಲಸ ಮಾಡುವವರೂ ಇರಬಹುದು. ಆ ಮಾತಿನ ಹಿಂದೆ ಇನ್ನೊಂದು ಮಾತು ಅಡಗಿರುತ್ತದೆ. ಇದು ನೀನೇ ತಂದುಕೊಂಡಿದ್ದು, ಅಂತ. ನನಗೆ ಸಿಟ್ಟು ಬರುವುದು ಆ ಎರಡನೇ ಮಾತಿಗೆ. ನನಗೂ ಪಿಸಿಓಎಸ್ ಇದೆ, ನನ್ನ ಅಕ್ಕನಿಗೂ ಇದೆ. ಅಕ್ಕ ಮೊದಲಿನಿಂದಲೂ ಸಣಕಲು. ಅವಳಿಗೆ ತೂಕದ ಮಾತು ಹೇಳಲಾಗದೆ ಟೆನ್ಷನ್ ಕಡಿಮೆ ಮಾಡಿಕೋ ಅಂದರು. ಅಂದರೆ ಹೇಗಾದರೂ ಸರಿ, ತಪ್ಪು ಅವಳದ್ದೇ ಆಗಬೇಕು.

ಹಾಗಾಗಿ ಈ ಕಾಯಿಲೆಯ ಬೇರು ಎಲ್ಲಿದೆ ಅಂತ ಹುಡುಕಿ ಓದುವ ಹುಚ್ಚು ನನಗೆ ಹತ್ತಿತು. ಓದುತ್ತಾ ಹೋದಂತೆ ಒಂದು ಜೀನ್ ಮತ್ತೆ ಮತ್ತೆ ಎದುರಾಯಿತು. ಅದರ ಹೆಸರು ಡಿಇಎನ್‌ಎನ್‌ಡಿ1ಎ. ಓದಲು ಸುಲಭವಾಗಲಿ ಅಂತ ಮುಂದೆ ಡೆಂಡ್1ಎ ಅಂತ ಬರೆಯುತ್ತೇನೆ. ಪಿಸಿಓಎಸ್‌ಗೆ ಕಾರಣ ಈ ಜೀನ್ ಒಂದೇ ಅಂತ ನಾನು ಹೇಳುತ್ತಿಲ್ಲ, ಯಾವ ವಿಜ್ಞಾನಿಯೂ ಹೇಳುವುದಿಲ್ಲ. ಆದರೆ ಇದರ ಕಥೆ ಗೊತ್ತಿದ್ದರೆ "ನೀನೇ ತಂದುಕೊಂಡಿದ್ದು" ಅನ್ನುವ ಮಾತು ಎಷ್ಟು ಪೊಳ್ಳು ಅನ್ನುವುದು ಅರ್ಥವಾಗುತ್ತದೆ.

ಮೊದಲು ಕಾಯಿಲೆಯ ಬಗ್ಗೆ ಒಂದೆರಡು ಮಾತು. 1935ರಲ್ಲಿ ಶಿಕಾಗೋದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಅನ್ನುವ ಡಾಕ್ಟರುಗಳು 7 ಹೆಂಗಸರ ಬಗ್ಗೆ ಬರೆದರು. ಮುಟ್ಟು ಸರಿಯಾಗಿ ಆಗದಿರುವುದು, ದೊಡ್ಡದಾದ ಅಂಡಾಶಯ, ಕೆಲವರಿಗೆ ಮೈಮೇಲೆ ಜಾಸ್ತಿ ಕೂದಲು. ಈಗ ಗುರುತಿಸುವ ಕ್ರಮ ಹೆಚ್ಚುಕಡಿಮೆ 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಕೂತು ಒಪ್ಪಿಕೊಂಡದ್ದು. ಮುಟ್ಟಿನ ಏರುಪೇರು, ಆಂಡ್ರೊಜೆನ್ ಹಾರ್ಮೋನ್ ಜಾಸ್ತಿ ಇರುವುದು, ಸ್ಕ್ಯಾನ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆ ಕಾಣುವುದು. ಈ ಮೂರರಲ್ಲಿ ಎರಡು ಇದ್ದು, ಇದೇ ಥರ ಕಾಣುವ ಬೇರೆ ಕಾಯಿಲೆಗಳು ಇಲ್ಲ ಅಂತಾದರೆ ಪಿಸಿಓಎಸ್. ಆ ಗುಳ್ಳೆಗಳು ಗಡ್ಡೆಗಳಲ್ಲ, ಅದನ್ನು ನೋಡಿ ಹೆದರಬೇಡಿ. ಅರ್ಧ ಬೆಳೆದು ಅಲ್ಲೇ ನಿಂತುಹೋದ ಅಂಡಕೋಶದ ಚೀಲಗಳು ಅವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಶೇ 13ರವರೆಗೂ ಜನಕ್ಕೆ ಇದು ಇದೆ, ಅವರಲ್ಲಿ ಶೇ 70ರವರೆಗೂ ಜನಕ್ಕೆ ತಮಗಿದೆ ಅನ್ನುವುದೇ ಗೊತ್ತಿಲ್ಲ.

ಈ ಮೂರು ಲಕ್ಷಣಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಆಂಡ್ರೊಜೆನ್. ಟೆಸ್ಟೋಸ್ಟೆರಾನ್ ಕೂಡ ಈ ಗುಂಪಿನದ್ದೇ. ಗಂಡಸರ ಹಾರ್ಮೋನ್ ಅಂತ ಕರೆಯುತ್ತಾರೆ, ಆದರೆ ಎಲ್ಲ ಹೆಂಗಸರ ಮೈಯಲ್ಲೂ ಇದು ಇರಲೇಬೇಕು. ಅಂಡಾಶಯದಲ್ಲಿ ಪ್ರತಿ ಅಂಡಕೋಶದ ಚೀಲದ ಹೊರಗೋಡೆಯಲ್ಲಿ ಥೀಕಾ ಅನ್ನುವ ಜೀವಕೋಶಗಳಿವೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಅನ್ನುವ ಹಾರ್ಮೋನ್ ಬಂದು ಇವಕ್ಕೆ ತಾಕಿದರೆ ಇವು ಕೊಲೆಸ್ಟ್ರಾಲ್‌ನಿಂದ ಆಂಡ್ರೊಜೆನ್ ತಯಾರಿಸುತ್ತವೆ. ಒಳಗೋಡೆಯ ಗ್ರಾನ್ಯುಲೋಸಾ ಕೋಶಗಳು ಅದನ್ನು ಈಸ್ಟ್ರೊಜೆನ್ ಆಗಿ ಬದಲಾಯಿಸುತ್ತವೆ. ಪಿಸಿಓಎಸ್ ಇದ್ದವರಲ್ಲಿ ಥೀಕಾ ಕೋಶಗಳು ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸುತ್ತವೆ. ಮೊಡವೆ, ಗಲ್ಲದ ಮೇಲಿನ ಕೂದಲು, ನೆತ್ತಿಯ ಕೂದಲು ತೆಳುವಾಗುವುದು, ಅಂಡ ಸರಿಯಾಗಿ ಬಲಿಯದಿರುವುದು, ಇವೆಲ್ಲಕ್ಕೂ ಈ ಹೆಚ್ಚಿನ ಆಂಡ್ರೊಜೆನ್ ಜೊತೆ ನಂಟಿದೆ.

ಈಗ ಪ್ರಶ್ನೆ ಏನು ಅಂದರೆ, ಥೀಕಾ ಕೋಶಗಳು ಯಾಕೆ ಹೀಗೆ ಮಾಡುತ್ತವೆ? ಸುತ್ತಲಿನ ರಕ್ತದಲ್ಲಿ ಇನ್ಸುಲಿನ್ ಜಾಸ್ತಿ, ಎಲ್‌ಎಚ್ ಜಾಸ್ತಿ ಇದೆ ಅಂತಲೋ, ಅಥವಾ ಆ ಕೋಶಗಳೊಳಗೇ ಏನೋ ಬೇರೆ ಇದೆಯೋ?

ಇದಕ್ಕೆ 1999ರಲ್ಲಿ ಒಂದು ಬಹಳ ಒಳ್ಳೆಯ ಉತ್ತರ ಸಿಕ್ಕಿತು. ಅಮೆರಿಕದಲ್ಲಿ ಜ್ಯಾನ್ ಮ್ಯಾಕ್‌ಅಲಿಸ್ಟರ್, ಜೆರೋಮ್ ಸ್ಟ್ರಾಸ್ ಮತ್ತು ಅವರ ಜೊತೆಯವರು ಪಿಸಿಓಎಸ್ ಇರುವ ಮತ್ತು ಇಲ್ಲದ ಹೆಂಗಸರ ಅಂಡಾಶಯದಿಂದ ಥೀಕಾ ಕೋಶಗಳನ್ನು ತೆಗೆದು ಲ್ಯಾಬ್‌ನಲ್ಲಿ ಬೆಳೆಸಿದರು. ಕೋಶಗಳು ಒಡೆದು ಎರಡಾಗಿ, ಅವು ಮತ್ತೆ ಒಡೆದು, ಹೀಗೆ ಹಲವು ತಲೆಮಾರು ದಾಟಿದವು. ಅಲ್ಲಿ ಆ ಹೆಂಗಸಿನ ರಕ್ತ ಇಲ್ಲ, ಅವಳ ಇನ್ಸುಲಿನ್ ಇಲ್ಲ, ಅವಳ ತೂಕ ಇಲ್ಲ, ಅವಳ ಟೆನ್ಷನ್ ಇಲ್ಲ. ಎರಡೂ ಗುಂಪಿನ ಕೋಶಗಳಿಗೆ ಸಿಕ್ಕಿದ್ದು ಒಂದೇ ಥರದ ಆಹಾರ, ಒಂದೇ ಥರದ ತಟ್ಟೆ. ಆದರೂ ಪಿಸಿಓಎಸ್ ಹೆಂಗಸರಿಂದ ಬಂದ ಕೋಶಗಳು ಜಾಸ್ತಿ ಆಂಡ್ರೊಜೆನ್ ತಯಾರಿಸುತ್ತಲೇ ಇದ್ದವು. ಇದನ್ನು ಮೊದಲ ಸಲ ಓದಿದಾಗ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ. ಮೈಯಿಂದ ಹೊರಗೆ ತೆಗೆದು ದೂರ ಇಟ್ಟರೂ ಆ ಕೋಶಗಳ ಗುಣ ಬದಲಾಗುವುದಿಲ್ಲ ಅಂದಮೇಲೆ ಅದನ್ನು ಹೆಂಗಸಿನ ಸೋಮಾರಿತನದ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ಕೋಶದೊಳಗೇ ಕೂತಿರುವ ಗುಣ ಅಂದರೆ ಜೀನ್ ಕಡೆಗೆ ನೋಡಲೇಬೇಕು. ಪಿಸಿಓಎಸ್ ಕುಟುಂಬಗಳಲ್ಲಿ ಹರಿದುಬರುತ್ತದೆ ಅನ್ನುವುದು ಡಾಕ್ಟರುಗಳಿಗೆ ಮೊದಲೇ ಗೊತ್ತಿತ್ತು. 2006ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಅವಳಿ ಸೋದರಿಯರ ಮೇಲೆ ನಡೆದ ಅಧ್ಯಯನ ಇದಕ್ಕೆ ಲೆಕ್ಕ ಕೊಟ್ಟಿತು. ಎಲ್ಲ ಜೀನ್‌ಗಳೂ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿ ಒಬ್ಬಳಿಗೆ ಇದ್ದರೆ ಇನ್ನೊಬ್ಬಳಿಗೂ ಇರುವ ಸಾಧ್ಯತೆ ಬೇರೆ ಅವಳಿಗಳಿಗಿಂತ ತುಂಬ ಜಾಸ್ತಿ ಇತ್ತು. ಯಾರಿಗೆ ಈ ಕಾಯಿಲೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅನ್ನುವ ವ್ಯತ್ಯಾಸದಲ್ಲಿ ಸುಮಾರು ಶೇ 70ರಷ್ಟು ಪಾಲು ಜೀನ್‌ಗಳದ್ದು ಅಂತ ಲೆಕ್ಕ ಬಂತು. ಇದು ಇಡೀ ಜನಸಮೂಹದ ಲೆಕ್ಕ. "ನನ್ನ ಕಾಯಿಲೆಯಲ್ಲಿ ಶೇ 70 ಜೀನ್, ಉಳಿದದ್ದು ನಾನು" ಅಂತ ಒಬ್ಬರ ಮೈಗೆ ಇದನ್ನು ಹಚ್ಚಲು ಬರುವುದಿಲ್ಲ.

ಯಾವ ಜೀನ್ ಅಂತ ಹುಡುಕುವುದು ಮಾತ್ರ ವರ್ಷಗಟ್ಟಲೆ ಹಿಡಿಯಿತು. ಮೊದಮೊದಲು ವಿಜ್ಞಾನಿಗಳು ಅನುಮಾನ ಬಂದ ಜೀನ್‌ಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಇನ್ಸುಲಿನ್‌ಗೆ ಸಂಬಂಧಪಟ್ಟದ್ದು, ಹಾರ್ಮೋನ್ ತಯಾರಿಕೆಗೆ ಸಂಬಂಧಪಟ್ಟದ್ದು, ಹೀಗೆ. ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಸಿಗುತ್ತಿರಲಿಲ್ಲ. ಆಮೇಲೆ ಇಡೀ ಜೀನೋಮನ್ನೇ, ಅಂದರೆ ಒಬ್ಬರ ಪೂರ್ತಿ ಡಿಎನ್‌ಎಯನ್ನೇ ಜಾಲಾಡುವ ತಂತ್ರ ಬಂತು. ಕಾಯಿಲೆ ಇರುವ ಸಾವಿರಾರು ಜನ, ಇಲ್ಲದ ಸಾವಿರಾರು ಜನ, ಇವರ ಡಿಎನ್‌ಎಯಲ್ಲಿ ಲಕ್ಷಾಂತರ ಜಾಗಗಳನ್ನು ಹೋಲಿಸಿ ಎಲ್ಲಿ ಅಕ್ಷರ ಬೇರೆ ಇದೆ ಅಂತ ನೋಡುವುದು. ಮುಂಚಿತವಾಗಿ ಯಾವ ಜೀನ್ ಮೇಲೂ ಅನುಮಾನ ಪಡಬೇಕಾಗಿಲ್ಲ, ಅದೇ ಇದರ ಬಲ.

2011ರಲ್ಲಿ ಚೀನಾದ ಸಂಶೋಧಕರು ಹೀಗೆ ಹುಡುಕಿ ಮೂರು ಜಾಗಗಳನ್ನು ತೋರಿಸಿದರು. ಎಲ್ಲ ಹಂತ ಸೇರಿ ಪಿಸಿಓಎಸ್ ಇರುವ 4 ಸಾವಿರಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದರು. ಎರಡು ಜಾಗ 2ನೇ ಕ್ರೋಮೋಸೋಮ್‌ನಲ್ಲಿ. ಒಂದು ಎಲ್‌ಎಚ್ ಹಾರ್ಮೋನ್ ಬಂದು ಕೂರುವ ರಿಸೆಪ್ಟರ್‌ನ ಜೀನ್ ಹತ್ತಿರ, ಇನ್ನೊಂದು ಥಾಡಾ ಅನ್ನುವ ಜೀನ್ ಹತ್ತಿರ. ಮೂರನೆಯದು 9ನೇ ಕ್ರೋಮೋಸೋಮ್‌ನಲ್ಲಿ, ಡೆಂಡ್1ಎ. ಎಲ್‌ಎಚ್ ರಿಸೆಪ್ಟರ್ ಸಿಕ್ಕಿದ್ದು ಯಾರಿಗೂ ಆಶ್ಚರ್ಯ ಆಗಲಿಲ್ಲ. ಡೆಂಡ್1ಎ ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ. ಮರುವರ್ಷ ಅದೇ ದೇಶದಿಂದ ಇನ್ನೂ 8 ಜಾಗ ಸಿಕ್ಕವು, ಯುರೋಪ್ ಮೂಲದ ಹೆಂಗಸರಲ್ಲೂ ಡೆಂಡ್1ಎ ಮತ್ತು ಥಾಡಾ ಕಂಡವು. ಬೇರೆ ಬೇರೆ ಮೂಲದ ಜನರಲ್ಲಿ ಒಂದೇ ಜಾಗ ಕಾಣುತ್ತದೆ ಅಂದರೆ ಅದು ತುಂಬ ಹಳೆಯ ಕಾಲದಿಂದ ಮನುಷ್ಯರ ಜೊತೆ ಬಂದಿರಬಹುದು.

ಡೆಂಡ್1ಎ ಮಾಡುವ ಕೆಲಸ ಏನು? ಹೊರನೋಟಕ್ಕೆ ಮುಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಜೀವಕೋಶದ ಹೊರಪದರದಲ್ಲಿ ಕೂತಿರುವ ರಿಸೆಪ್ಟರ್‌ಗಳು ಆಗಾಗ ಒಳಕ್ಕೆ ಹೋಗುತ್ತವೆ, ಕೆಲವು ಮತ್ತೆ ಹೊರಕ್ಕೆ ಬರುತ್ತವೆ. ಈ ಒಳಹೊರ ಸಾಗಾಟದಲ್ಲಿ ರಾಬ್35 ಅನ್ನುವ ಪ್ರೋಟೀನ್ ಇದೆ, ಅದನ್ನು ಚಾಲೂ ಮಾಡುವುದು ಡೆಂಡ್1ಎ ಪ್ರೋಟೀನ್. ಇಂಥ ಸಾಮಾನ್ಯ ಕೆಲಸದ ಜೀನ್ ಪಿಸಿಓಎಸ್‌ನಲ್ಲಿ ಏನು ಮಾಡುತ್ತಿದೆ?

2014ರಲ್ಲಿ ಅದೇ ಮ್ಯಾಕ್‌ಅಲಿಸ್ಟರ್ ಮತ್ತು ಸ್ಟ್ರಾಸ್ ತಂಡ ಇದಕ್ಕೆ ಉತ್ತರ ಹುಡುಕಿತು. ಒಂದೇ ಜೀನ್‌ನಿಂದ ಎರಡು ಪ್ರೋಟೀನ್ ಬರುತ್ತವೆ. ಒಂದೇ ಬಟ್ಟೆಯಿಂದ ಉದ್ದ ತೋಳಿನ ಅಂಗಿಯನ್ನೂ ಹೊಲಿಯಬಹುದು, ಗಿಡ್ಡ ತೋಳಿನದನ್ನೂ ಹೊಲಿಯಬಹುದು, ಹಾಗೆ. ಉದ್ದದ್ದಕ್ಕೆ ವಿ1 ಅಂತ ಹೆಸರು, ಅದರಲ್ಲಿ 1009 ಅಮೈನೋ ಆಮ್ಲ. ಗಿಡ್ಡದ್ದು ವಿ2, ಅದರಲ್ಲಿ 559. ಪಿಸಿಓಎಸ್ ಇರುವ ಹೆಂಗಸರ ಥೀಕಾ ಕೋಶಗಳಲ್ಲಿ ಈ ಗಿಡ್ಡ ವಿ2 ಜಾಸ್ತಿ ಇತ್ತು.

ಜಾಸ್ತಿ ಇದೆ ಅಂದ ಮಾತ್ರಕ್ಕೆ ಅದೇ ಕಾರಣ ಅನ್ನಲಾಗದು. ಪರಿಣಾಮವೂ ಆಗಿರಬಹುದು. ಅದಕ್ಕೇ ಅವರು ಎರಡೂ ಕಡೆಯಿಂದ ಪರೀಕ್ಷೆ ಮಾಡಿದರು. ಕಾಯಿಲೆ ಇಲ್ಲದ ಹೆಂಗಸರ ಥೀಕಾ ಕೋಶಗಳಲ್ಲಿ ವಿ2 ಜಾಸ್ತಿ ತಯಾರಾಗುವ ಹಾಗೆ ಮಾಡಿದರು. ಆ ಕೋಶಗಳು ಪಿಸಿಓಎಸ್ ಕೋಶಗಳ ಹಾಗೆಯೇ ನಡೆದುಕೊಳ್ಳಲು ಶುರುಮಾಡಿದವು. ಆಂಡ್ರೊಜೆನ್ ತಯಾರಿಕೆಯಲ್ಲಿ ಸಿವೈಪಿ17ಎ1 ಅನ್ನುವ ಕಿಣ್ವ ಬಹಳ ಮುಖ್ಯ, ಅದರ ಜೀನ್ ಚುರುಕಾಯಿತು, ಆಂಡ್ರೊಜೆನ್ ಏರಿತು. ಆಮೇಲೆ ಪಿಸಿಓಎಸ್ ಹೆಂಗಸರ ಕೋಶಗಳಲ್ಲಿ ವಿ2ವನ್ನು ಅಡಗಿಸಿದರು. ಆಂಡ್ರೊಜೆನ್ ಇಳಿಯಿತು. ವಿ2ಗೆ ಅಂಟಿಕೊಳ್ಳುವ ಆಂಟಿಬಾಡಿ ಹಾಕಿದಾಗಲೂ ಇಳಿಯಿತು. ಏರಿಸಿದರೆ ಕಾಯಿಲೆಯ ಲಕ್ಷಣ, ಇಳಿಸಿದರೆ ಆ ಲಕ್ಷಣ ಮಾಯ. ಪಿಸಿಓಎಸ್ ಕುರಿತು ನಾನು ಓದಿದ್ದರಲ್ಲೆಲ್ಲ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ ಪ್ರಯೋಗ ಇದು. ಇನ್ನೊಂದು ವಿಷಯ, ಪಿಸಿಓಎಸ್ ಇರುವವರ ಮೂತ್ರದಲ್ಲಿ ಕೋಶಗಳು ಹೊರಬಿಡುವ ಸೂಕ್ಷ್ಮ ಚೀಲಗಳಲ್ಲಿ ಕೂಡ ವಿ2ದ ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್‌ನಿಂದ ಬರುವ ನಕಲು) ಜಾಸ್ತಿ ಕಂಡಿತು. ಮುಂದೆ ಒಂದು ದಿನ ಮೂತ್ರ ಪರೀಕ್ಷೆಯಿಂದಲೇ ಇದನ್ನು ಗುರುತಿಸಬಹುದೇನೋ ಅನ್ನುವ ಆಸೆ ಅಲ್ಲಿಂದ ಹುಟ್ಟಿತು. ಆದರೆ ಆ ಅಧ್ಯಯನದಲ್ಲಿದ್ದ ಹೆಂಗಸರ ಸಂಖ್ಯೆ ತೀರಾ ಕಡಿಮೆ, ಇದನ್ನು ಮರೆಯಬಾರದು.

ಆಮೇಲಿನ ಕೆಲಸ ಇದೇ ದಾರಿಯಲ್ಲಿ ಮುಂದೆ ಹೋಗಿದೆ. ಆ 8 ಹೊಸ ಜಾಗಗಳಲ್ಲಿ ಒಂದು ರಾಬ್5ಬಿ ಅನ್ನುವ ಜೀನ್ ಹತ್ತಿರ ಇತ್ತು, ಅದೂ ಕೋಶದೊಳಗಿನ ಸಾಗಾಟದ್ದೇ. 2019ರಲ್ಲಿ ಸ್ಟ್ರಾಸ್ ಅವರ ತಂಡ ಥೀಕಾ ಕೋಶಗಳಲ್ಲಿ ಡೆಂಡ್1ಎ, ರಾಬ್5ಬಿ ಮತ್ತು ಎಲ್‌ಎಚ್ ರಿಸೆಪ್ಟರ್ ಒಂದೇ ಕಡೆ ಸೇರಿರುವುದನ್ನು ತೋರಿಸಿತು. ಬೇರೆ ಬೇರೆ ಕ್ರೋಮೋಸೋಮ್‌ಗಳಲ್ಲಿ ಸಿಕ್ಕ ಮೂರು ಹೆಸರುಗಳು ಒಂದೇ ಕೋಶದಲ್ಲಿ ಒಟ್ಟಿಗೆ ಕಾಣುತ್ತವೆ ಅಂದರೆ ಅದು ಸುಮ್ನೆ ಆಕಸ್ಮಿಕ ಇರಲಾರದು, ಅಲ್ವಾ? ಅದೇ ವರ್ಷ ಪಿಸಿಓಎಸ್ ಇರುವ ಕುಟುಂಬಗಳ ಪೂರ್ತಿ ಜೀನೋಮ್ ಓದಿದ ಇನ್ನೊಂದು ತಂಡಕ್ಕೆ ಅರ್ಧದಷ್ಟು ಕುಟುಂಬಗಳಲ್ಲಿ ಡೆಂಡ್1ಎ ಒಳಗೆ ಅಪರೂಪದ ಬದಲಾವಣೆಗಳು ಸಿಕ್ಕವು. ಬಹುತೇಕ ಬದಲಾವಣೆ ಇದ್ದದ್ದು ಪ್ರೋಟೀನ್‌ನ ರೂಪ ಹೇಳುವ ಭಾಗದಲ್ಲಿ ಅಲ್ಲ. ಆ ಜೀನ್ ಎಷ್ಟು ಕೆಲಸ ಮಾಡಬೇಕು, ಯಾವಾಗ ಮಾಡಬೇಕು ಅಂತ ಹೇಳುವ ಭಾಗದಲ್ಲಿ. ಅಂದರೆ ಪ್ರೋಟೀನ್ ಕೆಟ್ಟಿಲ್ಲ, ಅದರ ಪ್ರಮಾಣ ಹದ ತಪ್ಪಿದೆ. ಇತ್ತೀಚೆಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಜೀನ್‌ಗಳನ್ನು ತಿದ್ದಲು ಬಳಸುವ ಕ್ರಿಸ್ಪರ್ ತಂತ್ರ ಬಳಸಿ, ಡಿಎನ್‌ಎಯನ್ನು ಕತ್ತರಿಸದೆಯೇ ಕೋಶದ ಸ್ವಂತ ಡೆಂಡ್1ಎಯನ್ನು ಚುರುಕುಗೊಳಿಸಿ ನೋಡಿದ್ದಾರೆ. ಟೆಸ್ಟೋಸ್ಟೆರಾನ್ ಹೆಚ್ಚಾಯಿತು.

ಹಾಗಾದರೆ ತೂಕಕ್ಕೂ ಪಿಸಿಓಎಸ್‌ಗೂ ಸಂಬಂಧ ಇಲ್ವಾ? ಇದೆ. ಇಲ್ಲ ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಇನ್ಸುಲಿನ್ ಜಾಸ್ತಿಯಾದರೆ ಎಲ್‌ಎಚ್ ಜೊತೆ ಸೇರಿ ಥೀಕಾ ಕೋಶಗಳನ್ನು ಇನ್ನಷ್ಟು ಕೆರಳಿಸುತ್ತದೆ. ಟೆಸ್ಟೋಸ್ಟೆರಾನನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನ್ ಲಿವರ್‌ನಲ್ಲಿ ತಯಾರಾಗುವುದನ್ನೂ ತಗ್ಗಿಸುತ್ತದೆ, ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟೆರಾನ್ ಏರುತ್ತದೆ. 2018ರಲ್ಲಿ 10 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ಮಾಡಿದ ದೊಡ್ಡ ಜೀನ್ ಅಧ್ಯಯನ ಕೂಡ ತೂಕ ಮತ್ತು ಇನ್ಸುಲಿನ್ ತೊಂದರೆ ಪಿಸಿಓಎಸ್‌ನ ಅಪಾಯ ಹೆಚ್ಚಿಸುತ್ತವೆ ಅಂತಲೇ ಹೇಳಿತು. ತೂಕ ಜಾಸ್ತಿ ಇರುವ ಹಲವರಲ್ಲಿ ಶೇ 5ರಿಂದ 10ರಷ್ಟು ಇಳಿದರೂ ಮುಟ್ಟು ಸುಧಾರಿಸುವುದುಂಟು. ಆದರೆ ಗಮನಿಸಿ, ತೂಕ ಏರುವುದರಲ್ಲೂ ಜೀನ್‌ಗಳ ಪಾಲು ದೊಡ್ಡದಿದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು ಪಿಸಿಓಎಸ್ ಇರುವ ಸಣ್ಣ ಮೈಯವರಲ್ಲೂ ಕಾಣುತ್ತದೆ. ತೂಕ ಈ ಕಾಯಿಲೆಯನ್ನು ಜೋರು ಮಾಡಬಲ್ಲದು. ಅದೇ ಬೇರು ಅನ್ನುವುದಾದರೆ ನನ್ನ ಅಕ್ಕನಿಗೆ ಇದು ಬಂದದ್ದು ಹೇಗೆ?

ಅದೇ 2018ರ ಅಧ್ಯಯನದಲ್ಲಿ ಒಟ್ಟು 14 ಜಾಗ ಸಿಕ್ಕವು. ಇವೆಲ್ಲ ಸೇರಿದರೂ ಕಾಯಿಲೆ ಯಾಕೆ ಮನೆತನದಲ್ಲಿ ಹರಿಯುತ್ತದೆ ಅನ್ನುವುದರ ಸಣ್ಣ ಭಾಗವನ್ನಷ್ಟೇ ವಿವರಿಸುತ್ತವೆ. ಕೆಲವರಲ್ಲಿ ಅಂಡಕೋಶದ ಚೀಲಗಳು ತಯಾರಿಸುವ ಎಎಂಎಚ್ ಅನ್ನುವ ಹಾರ್ಮೋನ್‌ನ ಜೀನ್‌ನಲ್ಲೇ ಅಪರೂಪದ ಬದಲಾವಣೆಗಳು ಸಿಕ್ಕಿವೆ. ಇನ್ನು ತಾಯಿಯಿಂದ ಮಗಳಿಗೆ ಬರುವುದೆಲ್ಲ ಜೀನ್ ಮೂಲಕವೇ ಬರಬೇಕು ಅಂತೇನೂ ಇಲ್ಲ. 2018ರಲ್ಲೇ ಫ್ರಾನ್ಸ್‌ನ ಲೀಲ್ ನಗರದ ಸಂಶೋಧಕರು ಬಸುರಿ ಇಲಿಗಳಿಗೆ ಎಎಂಎಚ್ ಜಾಸ್ತಿ ಕೊಟ್ಟಾಗ ಹುಟ್ಟಿದ ಹೆಣ್ಣು ಮರಿಗಳು ದೊಡ್ಡವಾದ ಮೇಲೆ ಪಿಸಿಓಎಸ್ ಥರದ ಲಕ್ಷಣ ತೋರಿಸಿದವು. ಬೇರೆ ಬೇರೆ ಹೆಂಗಸರಲ್ಲಿ ಬೇರೆ ಬೇರೆ ದಾರಿಗಳಿಂದ ಇದು ಬರುತ್ತಿರಬಹುದು, ಹೊರಗೆ ಕಾಣುವುದು ಮಾತ್ರ ಒಂದೇ ಥರ. ಸಕ್ಕರೆ ಕಾಯಿಲೆಗೂ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ನನಗೆ ಚೆನ್ನಾಗಿ ಹಿಡಿಯಿತು, ಅಕ್ಕನಿಗೆ ಏನೂ ಆಗಲಿಲ್ಲ. ಇಬ್ಬರ ಪಿಸಿಓಎಸ್ ಒಂದೇ ಅಲ್ಲದಿರಬಹುದು ಅಂತ ನನಗೆ ಅನ್ನಿಸುವುದು ಇದಕ್ಕೇ.

ಇವತ್ತಿನ ಔಷಧಿಗಳನ್ನು ಈ ಕಣ್ಣಿನಿಂದ ನೋಡಿ. ಹಾರ್ಮೋನ್ ಮಾತ್ರೆ ಎಲ್‌ಎಚ್ ತಗ್ಗಿಸಿ ಎಸ್‌ಎಚ್‌ಬಿಜಿ ಏರಿಸುತ್ತದೆ. ಮೆಟ್‌ಫಾರ್ಮಿನ್ ಇನ್ಸುಲಿನ್ ಕಡೆಯಿಂದ ಬರುತ್ತದೆ. ಸ್ಪೈರೊನೊಲ್ಯಾಕ್ಟೋನ್ ತಯಾರಾದ ಆಂಡ್ರೊಜೆನ್ ಚರ್ಮಕ್ಕೆ, ಕೂದಲಿನ ಬೇರಿಗೆ ತಾಕದಂತೆ ತಡೆಯುತ್ತದೆ. ಮಗು ಬೇಕು ಅನ್ನುವವರಿಗೆ ಲೆಟ್ರೊಜೋಲ್ ಅಂಡ ಬಿಡುಗಡೆಗೆ ಸಹಾಯ ಮಾಡುತ್ತದೆ. ಎಲ್ಲವೂ ಉಪಯೋಗದ್ದೇ, ಆದರೆ ಥೀಕಾ ಕೋಶದೊಳಗಿನ ಮೂಲ ತೊಂದರೆಗೆಂದೇ ಮಾಡಿದ್ದು ಒಂದೂ ಇಲ್ಲ. ಆ ಕಡೆ ಹೆಜ್ಜೆ ಇಟ್ಟ ಒಂದು ಕೆಲಸ 2024ರಲ್ಲಿ ಬಂತು. ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಗುಂಪಿನ ಔಷಧಿ ಅಂಡಾಶಯದಲ್ಲೇ ಆಂಡ್ರೊಜೆನ್ ತಯಾರಿಕೆಯನ್ನು ತಗ್ಗಿಸುತ್ತದೆ ಅಂತ ಶಾಂಘೈ ತಂಡ ಕಂಡುಕೊಂಡಿತು. 19 ಹೆಂಗಸರಿಗೆ 12 ವಾರ ಕೊಟ್ಟು ನೋಡಿದರು, ಟೆಸ್ಟೋಸ್ಟೆರಾನ್ ಇಳಿಯಿತು, ಹಲವರ ಮುಟ್ಟು ಸರಿಯಾಯಿತು. 19 ಜನ ಅಂದರೆ ಬರೀ ಆರಂಭ. ದಯವಿಟ್ಟು ಇದನ್ನು ಓದಿ ಯಾರೂ ಮಲೇರಿಯಾ ಮಾತ್ರೆ ನುಂಗಬೇಡಿ.

ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕಾ ಅಂತ ಕೇಳುವವರಿದ್ದಾರೆ. ನನ್ನ ಉತ್ತರ, ಪಿಸಿಓಎಸ್‌ಗೆ ಅಂತ ಈಗ ಬೇಡ. ಡೆಂಡ್1ಎಯಲ್ಲಿ ಅಪಾಯದ ಅಕ್ಷರ ಇರುವ ಎಷ್ಟೋ ಹೆಂಗಸರಿಗೆ ಕಾಯಿಲೆ ಇಲ್ಲ, ಇಲ್ಲದ ಎಷ್ಟೋ ಜನಕ್ಕೆ ಇದೆ. ಫಲಿತಾಂಶ ಏನೇ ಬಂದರೂ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ. ಆ ದುಡ್ಡನ್ನು ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗೆ ಹಾಕಿ. ಬಿಪಿ ನೋಡಿಸಿ. ಮನಸ್ಸು ಕುಗ್ಗಿದ್ದರೆ ಅದನ್ನೂ ಡಾಕ್ಟರ್ ಹತ್ತಿರ ಹೇಳಿ, ಪಿಸಿಓಎಸ್ ಇರುವವರಲ್ಲಿ ಖಿನ್ನತೆ ಮತ್ತು ಆತಂಕ ಹೆಚ್ಚು ಕಾಣುತ್ತವೆ. ಮುಟ್ಟು ತಿಂಗಳುಗಟ್ಟಲೆ ಆಗದಿದ್ದರೆ ಸುಮ್ಮನಿರಬೇಡಿ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ.

ಕೊನೆಗೆ ಹೆಚ್ಚಿನವರು ಯೋಚಿಸದ ಒಂದು ವಿಷಯ. ಡೆಂಡ್1ಎ ಇರುವುದು 9ನೇ ಕ್ರೋಮೋಸೋಮ್‌ನಲ್ಲಿ, ಅದರ ಒಂದು ಪ್ರತಿ ಅಮ್ಮನಿಂದ ಬಂದರೆ ಇನ್ನೊಂದು ಅಪ್ಪನಿಂದ ಬರುತ್ತದೆ. ಉಳಿದ ಜಾಗಗಳೂ ಹಾಗೆಯೇ. ಗಂಡಸರಿಗೆ ಅಂಡಾಶಯ ಇಲ್ಲದಿರಬಹುದು, ಆದರೆ ಈ ಜೀನ್‌ಗಳು ಅವರಲ್ಲೂ ಇವೆ, ಸುಮ್ಮನೆ ಕೂತೂ ಇಲ್ಲ. 2018ರ ಅಧ್ಯಯನ ಪಿಸಿಓಎಸ್ ಮತ್ತು ಗಂಡಸರ ಬೊಕ್ಕತಲೆಯ ನಡುವೆ ಜೀನ್ ನಂಟು ತೋರಿಸಿತು. ಪಿಸಿಓಎಸ್‌ನ ಅಪಾಯದ ಅಕ್ಷರಗಳು ಜಾಸ್ತಿ ಇರುವ ಗಂಡಸರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಜಾಸ್ತಿ ಅಂತ ಬ್ರಿಟನ್‌ನ ಮಾಹಿತಿ ನೋಡಿದವರು ಹೇಳಿದ್ದಾರೆ. ಡಾಕ್ಟರ್ "ಅಮ್ಮನಿಗೆ ಮುಟ್ಟು ಸರಿ ಇತ್ತಾ?" ಅಂತ ಮಾತ್ರ ಕೇಳುತ್ತಾರೆ. ನೀವು ಅಷ್ಟಕ್ಕೇ ನಿಲ್ಲಬೇಡಿ. ಸೋದರತ್ತೆಯರಿಗೆ ಹೇಗಿತ್ತು ಅಂತ ಕೇಳಿ ತಿಳಿದುಕೊಂಡು ಹೋಗಿ. ಅಪ್ಪನಿಗೆ ಯಾವ ವಯಸ್ಸಿಗೆ ಸಕ್ಕರೆ ಕಾಯಿಲೆ ಶುರುವಾಯಿತು, ಯಾವ ವಯಸ್ಸಿಗೆ ಕೂದಲು ಉದುರಿತು ಅನ್ನುವುದನ್ನೂ ಹೇಳಿ. ನಿಮಗೆ ಪಿಸಿಓಎಸ್ ಇದ್ದು ಅಣ್ಣ ತಮ್ಮಂದಿರಿದ್ದರೆ ಅವರನ್ನೂ ಒಂದು ಸಲ ಸಕ್ಕರೆ ಪರೀಕ್ಷೆಗೆ ಕರೆದುಕೊಂಡು ಹೋಗಿ.